ರೆಸಿನ್ ಮೇಲೆ ಐಸೋಅಮೈಲ್ ಅಸಿಟೇಟ್: ನನ್ನ ಅನುಭವ

ಸಲ್ಫ್ಯೂರಿಕ್ ಆಮ್ಲದ ಒಂದು ಹನಿಯೂ ಇಲ್ಲದೆ, ಬರೀ ಆಮ್ಲೀಯ ರೆಸಿನ್ (ಆಮ್ಲದ ಗುಣವಿರುವ ಪ್ಲಾಸ್ಟಿಕ್ ಮಣಿಗಳು) ಮೇಲೆ ಐಸೋಅಮೈಲ್ ಅಸಿಟೇಟ್ ಎಂಬ ಬಾಳೆಹಣ್ಣಿನ ಕಂಪಿನ ಎಸ್ಟರ್ ತಯಾರಿಸಿ ಮಾರಲು ಶುರುಮಾಡಿ ಎರಡು ವರ್ಷದ ಮೇಲಾಯಿತು. ಆಮ್ಲ, ಆಲ್ಕೋಹಾಲ್ ಕೂಡಿ ನೀರು ಬಿಟ್ಟಾಗ ಹುಟ್ಟುವುದು ಎಸ್ಟರ್; ಆ ಕ್ರಿಯೆ ಚುರುಕಾಗಲು ಸಾಮಾನ್ಯವಾಗಿ ಸಲ್ಫ್ಯೂರಿಕ್ ಆಮ್ಲ ಹಾಕುತ್ತಾರೆ. ಕುಂಬಳಗೋಡಿನ ಕಡೆ ನಮ್ಮದೊಂದು ಸಣ್ಣ ಘಟಕ. 250 ಲೀಟರಿನ ಒಂದು ಎಸ್‌ಎಸ್ 316 ರಿಯಾಕ್ಟರ್, ಪುಟ್ಟ ಬಾಯ್ಲರ್, ನೀರಿನ ಪದರ ಬೇರ್ಪಡಿಸುವ ಡಿಕ್ಯಾಂಟರ್. ಅಗರಬತ್ತಿಗೆ ಕಂಪೌಂಡ್ ಕೂಡಿಸುವವರು, ಫ್ಲೇವರ್ ಮಾಡುವವರು ನಮ್ಮ ಗಿರಾಕಿಗಳು. ರೆಸಿನ್ ಮಾತು ತೆಗೆದಾಗ ನಮ್ಮ ಕಸುಬಿನವರೇ ನಂಬಲಿಲ್ಲ. "ನೀರು ಮೆದು ಮಾಡುವ ಸಾಮಾನಿನಲ್ಲಿ ಎಸ್ಟರ್ ಮಾಡುತ್ತೀರಾ ಸ್ವಾಮಿ?" ಎಂದವರೊಬ್ಬರು. ದೊಡ್ಡ ಫೀಸು ತೆಗೆದುಕೊಂಡ ಸಲಹೆಗಾರರೊಬ್ಬರು ಇದು ಪ್ರಯೋಗಾಲಯದ ಫ್ಲಾಸ್ಕಿಗೆ ಸರಿ, ಘಟಕಕ್ಕೆ ಬಾರದು ಎಂದು ಬರೆದೇ ಕೊಟ್ಟರು. ಪೆಟ್ರೋಲಿಗೆ ಬೆರೆಸುವ ಎಂಟಿಬಿಇ, ಪ್ಲಾಸ್ಟಿಕ್ಕಿನ ಕಚ್ಚಾವಸ್ತುವಾದ ಬಿಸ್ಫೆನಾಲ್-ಎ ತಯಾರಿಸುವ ದೈತ್ಯ ಕಾರ್ಖಾನೆಗಳು ದಶಕಗಳಿಂದ ಇದೇ ಬಗೆಯ ರೆಸಿನ್ ಮೇಲೆ ನಡೆಯುತ್ತಿರುವಾಗ ನನ್ನ ರಿಯಾಕ್ಟರ್ ಏನು ಮಹಾ ಎಂಬ ಹಟ ನನಗೆ ಹಿಡಿದದ್ದು ಆಗಲೇ.

ಸಲ್ಫ್ಯೂರಿಕ್ ಆಮ್ಲ ಅಗ್ಗ, ಒಪ್ಪುತ್ತೇನೆ. ಅದರ ನಿಜವಾದ ಬಿಲ್ಲು ಬರುವುದು ಆಮೇಲೆ. ನಮ್ಮ ಐಸೋಅಮೈಲ್ ಆಲ್ಕೋಹಾಲ್ ಬರುವುದು ಮಂಡ್ಯ ಕಡೆಯ ಡಿಸ್ಟಿಲರಿಯ ಉಪೋತ್ಪನ್ನವಾದ ಫ್ಯೂಸೆಲ್ ಎಣ್ಣೆಯಿಂದ. ಅದನ್ನು ಎಷ್ಟು ಚೆನ್ನಾಗಿ ಬಟ್ಟಿ ಇಳಿಸಿದರೂ ಆಮ್ಲ ಬಿದ್ದು ಬಿಸಿ ಏರಿತೆಂದರೆ ಬ್ಯಾಚ್ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಮುಗಿದ ಮೇಲೆ ಸೋಡಾದಿಂದ ತೊಳೆಯಬೇಕು, ನೀರು, ಎಸ್ಟರ್ ಕಲಸಿಕೊಂಡು ಎಮಲ್ಷನ್ ಕಟ್ಟಿದರೆ ರಾತ್ರಿಯಿಡೀ ಕಾಯಬೇಕು, ಉಪ್ಪುನೀರನ್ನು ಟ್ಯಾಂಕರಿಗೆ ದುಡ್ಡು ಕೊಟ್ಟು ಸಾಗಿಸಬೇಕು. ತೊಳೆಯುವುದರಲ್ಲೇ ಬ್ಯಾಚಿಗೆ ಐದಾರು ಕಿಲೋ ಮಾಲು ಹೋಗುತ್ತಿತ್ತು. ಕಿಲೋಗೆ ಇನ್ನೂರರ ಆಸುಪಾಸಿನ ಮಾಲು, ತಿಂಗಳಿಗೆ ಹತ್ತು ಹನ್ನೆರಡು ಬ್ಯಾಚು. ಲೆಕ್ಕ ನೀವೇ ಹಾಕಿಕೊಳ್ಳಿ.

ಮೊದಲು ಕೈಗೆ ಸಿಕ್ಕಿದ್ದು ಸಾಫ್ಟನರಿಗೆ ಹಾಕುವ ಜೆಲ್ ರೆಸಿನ್. ಹೈಡ್ರೋಕ್ಲೋರಿಕ್ ಆಮ್ಲದಿಂದ ಹೈಡ್ರೋಜನ್ (ಆಮ್ಲ) ರೂಪಕ್ಕೆ ತಂದು, ಒಣಗಿಸಿ ಹಾಕಿದೆ. ಜೇನಿನ ಬಣ್ಣದ ಮಣಿಗಳು ಒಣಗಿದ ಮೇಲೆ ಮುದುಡಿ ಕುಳಿತವು, ಎಸ್ಟರ್ ಆಗಲೊಲ್ಲದು. ಒದ್ದೆಯಾಗಿ ಹಾಕಿದರೆ ರೆಸಿನ್ ತಂದ ನೀರೇ ಕ್ರಿಯೆಯನ್ನು ಹಿಂದಕ್ಕೆ ಎಳೆಯುತ್ತದೆ. ಆ ದಾರಿ ಬಿಟ್ಟು, ಒಣಗಿದರೂ ರಂಧ್ರ ಮುಚ್ಚಿಕೊಳ್ಳದ ಮ್ಯಾಕ್ರೋಪೋರಸ್ ಬಗೆಗೆ ಬಂದೆ. ಆಂಬರ್‌ಲಿಸ್ಟ್ 15 ಸ್ವಲ್ಪ ತರಿಸಿ ಫ್ಲಾಸ್ಕಿನಲ್ಲಿ ನೋಡಿ, ಅದಕ್ಕೆ ಸಮನಾದ ನಮ್ಮ ದೇಶದ ರೆಸಿನ್ ಅನ್ನೇ ದೊಡ್ಡದಕ್ಕೆ ಕೊಂಡೆ. ಕಿಲೋಗೆ ಆರೇಳು ನೂರು ಬಿದ್ದ ನೆನಪು. ಅದು ಆಮದು ಮಾಲಿಗಿಂತ ಎಲ್ಲೂ ಹಿಂದೆ ಬೀಳಲಿಲ್ಲ.

ಫ್ಲಾಸ್ಕಿನಲ್ಲಿ ಸೊಗಸಾಗಿ ನಡೆದದ್ದು ರಿಯಾಕ್ಟರಿನಲ್ಲಿ ಎರಡು ಕಡೆಯಿಂದ ಕೆಟ್ಟಿತು. ಲಂಗರಿನಾಕಾರದ ಆಂಕರ್ ಕಲಕುಗೋಲು ಮಣಿಗಳನ್ನು ಅರೆದು ಪುಡಿ ಮಾಡಿತು. ಸಾಸಿವೆಗಿಂತ ಸಣ್ಣ ಮಣಿ ಹಿಟ್ಟಾದರೆ ಯಾವ ಬಟ್ಟೆಯಲ್ಲೂ ನಿಲ್ಲುವುದಿಲ್ಲ, ಫಿಲ್ಟರ್ ಕಟ್ಟಿಕೊಂಡು ಮಾಲು ಹನಿಹನಿಯಾಗಿ ಇಳಿಯುತ್ತಿತ್ತು. ಎರಡನೆಯದು ಶಾಖ. ಈ ಜಾತಿಯ ರೆಸಿನ್ 120 ಡಿಗ್ರಿಯವರೆಗೆ ತಾಳುತ್ತದೆ, ಅದರಾಚೆ ಆಮ್ಲದ ಕೆಲಸ ಮಾಡುವ ಸಲ್ಫೋನಿಕ್ ಗುಂಪು ಕಳಚಿಕೊಳ್ಳುತ್ತದೆ. ಒಳಗಿನ ಥರ್ಮಾಮೀಟರ್ 110 ತೋರಿಸುತ್ತಿರುತ್ತದೆ, ಆದರೆ ಜಾಕೆಟಿಗೆ (ಪಾತ್ರೆಯ ಹೊರಕವಚಕ್ಕೆ) 3 ಕೆಜಿ ಒತ್ತಡದ ಸ್ಟೀಮ್ ಬಿಟ್ಟರೆ ಗೋಡೆ 140ರ ಹತ್ತಿರ ಇರುತ್ತದೆ. ಗೋಡೆ ಮುಟ್ಟಿದ ಪ್ರತಿ ಮಣಿಯೂ ಸ್ವಲ್ಪ ಸ್ವಲ್ಪವೇ ಸಾಯುತ್ತದೆ. ಕೊನೆಗೆ ನೀರೆಲ್ಲ ಹೋಗಿ ಎಸ್ಟರ್ ಮಾತ್ರ ಉಳಿದಾಗ ಪಾತ್ರೆಯೇ 130 ಮುಟ್ಟುತ್ತದೆ, ಎಸ್ಟರಿನ ಕುದಿಬಿಂದುವೇ 142. ಜಾಲರಿಯ ಬುಟ್ಟಿಯಲ್ಲಿ ಕಟ್ಟಿ ಇಳಿಬಿಟ್ಟರೆ ಪುಡಿಯಾಗುವುದು ತಪ್ಪಿತು, ಶಾಖ ತಪ್ಪಲಿಲ್ಲ.

ಹೀಗಾಗಿ ರೆಸಿನ್ ಅನ್ನು ಪಾತ್ರೆಯಿಂದಲೇ ಹೊರಗೆ ತಂದೆ. ಇಡೀ ಕೆಲಸದ ಗುಟ್ಟು ಇಷ್ಟೇ. ಆರು ಇಂಚಿನ, ಒಂದು ಮೀಟರ್ ಎತ್ತರದ ಗಾಜಿನ ಕಾಲಂ, ಕೆಳಗೆ 80 ಮೆಷ್ ಜಾಲರಿ. ರಿಯಾಕ್ಟರಿನ ತಳದಿಂದ ಪಂಪ್ ಎಳೆದು, ನಡುವೆ ಒಂದು ಕೂಲರಿನಲ್ಲಿ 90–95 ಡಿಗ್ರಿಗೆ ಇಳಿಸಿ, ಕಾಲಂ ಮೂಲಕ ಹಾಯಿಸಿ ಮತ್ತೆ ರಿಯಾಕ್ಟರಿಗೆ. ಕುದಿಯುವುದು, ನೀರು ಬಿಡುವುದು ಪಾತ್ರೆಯ ಕೆಲಸ. ಎಸ್ಟರ್ ಮಾಡುವುದು ಕಾಲಮಿನ ಕೆಲಸ. ಪಾತ್ರೆಯಿಂದ ಬರುವ ದ್ರವದಲ್ಲಿ ನೀರು ಆಗಲೇ ಕಡಿಮೆಯಾಗಿರುವುದರಿಂದ ರೆಸಿನ್ ಚುರುಕಾಗಿಯೇ ಇರುತ್ತದೆ. ಅರವತ್ತು ಕಿಲೋ ಅಸಿಟಿಕ್ ಆಮ್ಲ, ತೊಂಬತ್ತೈದರ ಹತ್ತಿರ ಆಲ್ಕೋಹಾಲ್ ಹಾಕಿದರೆ ಡಿಕ್ಯಾಂಟರಿನಲ್ಲಿ ಹದಿನೆಂಟು ಲೀಟರ್ ಆಸುಪಾಸು ನೀರು ಇಳಿಯಬೇಕು. ನಮ್ಮಲ್ಲಿ ಏಳೆಂಟು ಗಂಟೆಯಲ್ಲಿ ಹದಿನೇಳು ದಾಟುತ್ತದೆ. ಮೇಲಿನ ಪದರ ಪಾತ್ರೆಗೆ ವಾಪಸು, ಕೆಳಗಿನ ನೀರು ಹೊರಕ್ಕೆ. ಉಳಿದ ಚೂರು ಆಮ್ಲಕ್ಕೆ ಒಂದು ಸಣ್ಣ ಸೋಡಾ ತೊಳೆತ ಸಾಕು, ನಂತರ ಬಟ್ಟಿ.

ಕಾಲಂ ತುಂಬುವಾಗ ಒಂದು ಎಚ್ಚರ. ಒಣ ರೆಸಿನ್ ಅನ್ನು ಬಾಯಿಯವರೆಗೆ ತುಂಬಿ ಆಲ್ಕೋಹಾಲ್ ಬಿಟ್ಟರೆ ಉಬ್ಬಿ ಗಾಜು ಸೀಳುತ್ತದೆ. ನಮ್ಮ ಮೊದಲ ಕಾಲಂ ಹಾಗೇ ಹೋಯಿತು, ಮೂವತ್ತು ಸಾವಿರದ ಹತ್ತಿರದ ಪೆಟ್ಟು. ಈಗ ಮೊದಲು ಬಕೆಟಿನಲ್ಲಿ ಆಲ್ಕೋಹಾಲಿನಲ್ಲಿ ನೆನೆಸಿ, ಉಬ್ಬಿಸಿ, ಆಮೇಲೆ ಸುರಿಯುತ್ತೇವೆ. ಮುಕ್ಕಾಲು ಪಾಲು ಮಾತ್ರ.

ಎಲ್ಲಕ್ಕಿಂತ ಕಾಡಿದ್ದು ಕಬ್ಬಿಣ. ಒಂದು ಸಲ ಹೊಸ ಪೂರೈಕೆದಾರರು ತುಕ್ಕು ಹಿಡಿದ ಡ್ರಮ್ಮುಗಳಲ್ಲಿ ಆಲ್ಕೋಹಾಲ್ ಕಳುಹಿಸಿದರು. ನೋಡಲು ತಿಳಿಯಾಗಿಯೇ ಇತ್ತು. ನಾಲ್ಕಾರು ಬ್ಯಾಚಿನಲ್ಲಿ ಕಾಲಮಿನ ಮೇಲ್ಭಾಗದಿಂದ ಕಂದು ಗೆರೆಯೊಂದು ದಿನದಿನಕ್ಕೂ ಕೆಳಗಿಳಿಯತೊಡಗಿತು. ಬೂದು ಬಣ್ಣದ ಮಣಿಗಳು ಮೇಲಿಂದ ಒಂದೊಂದೇ ಪದರ ಕಾಫಿ ಬಣ್ಣಕ್ಕೆ ತಿರುಗಿದವು, ಗೆರೆ ಇಳಿದಷ್ಟೂ ಡಿಕ್ಯಾಂಟರಿನ ನೀರು ಕಡಿಮೆ. ಒಂದು ಗ್ರಾಂ ಒಣ ರೆಸಿನ್ ಅನ್ನು ಉಪ್ಪುನೀರಿನಲ್ಲಿ ನೆನೆಸಿಟ್ಟು ಕಾಸ್ಟಿಕ್‌ನಿಂದ ಟೈಟ್ರೇಟ್ ಮಾಡಿ ಆಮ್ಲಶಕ್ತಿ ಅಳೆದರೆ ಹೊಸದು 4.7 ಮಿಲಿ ಈಕ್ವಿವಲೆಂಟ್ ಕೊಡುತ್ತದೆ. ಆ ಕಂದು ಪದರದ್ದು ಎರಡನ್ನೂ ದಾಟಲಿಲ್ಲ, ಹೊಸದಕ್ಕಿಂತ ಎಷ್ಟೋ ಬೇಗ ಗುಲಾಬಿ ಬಣ್ಣ ಬಂದುಬಿಟ್ಟಿತು. ಸೋಡಿಯಂ, ಕ್ಯಾಲ್ಸಿಯಂ, ಕಬ್ಬಿಣ ಯಾವುದು ಬಂದರೂ ಹೈಡ್ರೋಜನ್ನಿನ ಜಾಗ ಹಿಡಿದು ಕುಳಿತುಕೊಳ್ಳುತ್ತದೆ. ನಮ್ಮ ಕಡೆಯ ಗಡಸು ಬೋರ್‌ವೆಲ್ ನೀರಂತೂ ರೆಸಿನ್ನಿನ ಹತ್ತಿರ ಸುಳಿಯಲೇಬಾರದು, ಲವಣ ತೆಗೆದ ಡಿಎಂ ನೀರೇ ಆಗಬೇಕು.

ಈಗ ಆಲ್ಕೋಹಾಲ್ ಮೊದಲು ಹಳೆಯ ರೆಸಿನ್ ತುಂಬಿದ ಸಣ್ಣ ಕಾವಲು ಕಾಲಂ ದಾಟಿ ಬರುತ್ತದೆ. ಫ್ಯೂಸೆಲ್ ಎಣ್ಣೆಯಲ್ಲಿ ಕಬ್ಬಿಣವಲ್ಲದೆ ಇನ್ನೂ ಒಂದು ಶತ್ರು ಇದೆ, ಸಾರಜನಕದ ಕ್ಷಾರಗಳು. ಅದಕ್ಕೆ ನಾನು ಬಟ್ಟಿ ಇಳಿಸುವ ಮೊದಲೇ ಒಂದು ಕೆಲಸ ಮಾಡುತ್ತೇನೆ. ಅದನ್ನು ಕಂಡುಕೊಳ್ಳಲು ಒಂದು ಮಳೆಗಾಲವೇ ಹಿಡಿಯಿತು, ಇಲ್ಲಿ ಬರೆಯುವುದಿಲ್ಲ. ಸತ್ತ ರೆಸಿನ್ ಅನ್ನು ಐದಾರು ಶೇಕಡಾ ಹೈಡ್ರೋಕ್ಲೋರಿಕ್ ಆಮ್ಲದಿಂದ ನಿಧಾನವಾಗಿ ತೊಳೆದು ಎಬ್ಬಿಸಬಹುದು. ಆದರೆ ಕ್ಲೋರೈಡ್ ಪೂರ್ತಿ ಹೋಗುವವರೆಗೆ, ಸಿಲ್ವರ್ ನೈಟ್ರೇಟ್ ಹಾಕಿದರೆ ಮಸುಕಾಗದಿರುವವರೆಗೆ, ಡಿಎಂ ನೀರು ಬಿಡಬೇಕು. ಇಲ್ಲವಾದರೆ ಸ್ಟೀಲಿಗೆ ತೂತು ಬೀಳುತ್ತದೆ. ನೈಟ್ರಿಕ್ ಆಮ್ಲವನ್ನು ಮಾತ್ರ ಯಾರೂ ಮುಟ್ಟಬೇಡಿ. ರೆಸಿನ್ ಜತೆ ಸೇರಿ ಸ್ಫೋಟವಾಗಬಹುದು.

ಕಾಲಂ ಖಾಲಿ ಇದ್ದ ದಿನಗಳಲ್ಲಿ ಬೇರೆಯವನ್ನೂ ಹಾಯಿಸಿ ನೋಡಿದ್ದೇನೆ. ಬೆಂಜೈಲ್ ಆಲ್ಕೋಹಾಲಿನಿಂದ ಮಲ್ಲಿಗೆ ಕಂಪಿನ ಬೆಂಜೈಲ್ ಅಸಿಟೇಟ್ ಬಂತು, ಜತೆಗೆ ಡೈಬೆಂಜೈಲ್ ಈಥರ್ ಕೂಡ ಬಂದು ಕುಳಿತಿತು, ಉಷ್ಣತೆ ಇಳಿಸಿದರೂ ಪೂರ್ತಿ ಹೋಗಲಿಲ್ಲ. ಹೂಗಂಪಿನ ಆಲ್ಕೋಹಾಲ್ ಲಿನಲೂಲ್ ಅಂತೂ ಟರ್ಪೆಂಟೈನ್ ವಾಸನೆಯ ಕಲಸುಮೇಲೋಗರವಾಯಿತು. ಹೊಂಗೆ ಎಣ್ಣೆಯ ಕೊಬ್ಬಿನಾಮ್ಲವನ್ನು ಮೆಥನಾಲ್ ಜತೆ ಹಾಯಿಸಿದಾಗ ಎಣ್ಣೆಯ ಗೋಂದು ಮಣಿಗಳಿಗೆ ಮೆತ್ತಿಕೊಂಡಿತು. ಗೋಂದು ತೆಗೆದ ಎಣ್ಣೆಯಾದರೆ ನಡೆಯುತ್ತದೆ. ನನಗೆ ಬಹಳ ಹಿಡಿಸಿದ್ದು ಟರ್ಪೆಂಟೈನ್ ಮೂಲದ ಕ್ಯಾಂಫೀನ್. ಅಸಿಟಿಕ್ ಆಮ್ಲದೊಂದಿಗೆ 50 ಡಿಗ್ರಿಯ ಹತ್ತಿರ ಹಾಯಿಸಿದರೆ ಐಸೋಬಾರ್ನೈಲ್ ಅಸಿಟೇಟ್, ನೀರು ಹುಟ್ಟುವುದೇ ಇಲ್ಲ. ಬಿಸಿ ತಾನಾಗಿ ಏರುತ್ತದೆ, ಅದನ್ನು ಹಿಡಿತದಲ್ಲಿಟ್ಟುಕೊಂಡರೆ ಆಯಿತು. ಪೈನ್ ಕಂಪಿನ ಆ ಮಾಲಿಗೆ ಅಗರಬತ್ತಿಯವರು ಈಗ ಮುಂಗಡ ಕೊಡುತ್ತಿದ್ದಾರೆ.

ದುಡ್ಡಿನ ಮಾತು. ಕಾಲಂ, ಪಂಪ್, ಕೂಲರ್ ಎಲ್ಲ ಸೇರಿ ಒಂದೂಕಾಲು ಲಕ್ಷದ ಆಸುಪಾಸು, ಒಡೆದ ಗಾಜು ಬೇರೆ. ರೆಸಿನ್ ಒಂದು ಸಲ ತುಂಬಲು ಹತ್ತು ಸಾವಿರದೊಳಗೆ, ನಡುನಡುವೆ ಎಬ್ಬಿಸಿದರೆ ಒಂದೂವರೆ ವರ್ಷ ಬರುತ್ತದೆ. ತೊಳೆಯುವ ನಷ್ಟ ಎರಡು ಕಿಲೋಗೆ ಇಳಿಯಿತು, ಟ್ಯಾಂಕರ್ ತಿಂಗಳಿಗೊಮ್ಮೆ ಬಂದರೆ ಹೆಚ್ಚು. ಹಾಕಿದ ದುಡ್ಡು ಒಂದು ವರ್ಷ ಆಗುವ ಮೊದಲೇ ಕೈ ಸೇರಿತು. ಮಾಲು ನೀರಿನಷ್ಟೇ ತಿಳಿ, ಫ್ಲೇವರಿನವರು ಕಿಲೋಗೆ ಹದಿನೈದು ರೂಪಾಯಿ ಹೆಚ್ಚು ಕೊಟ್ಟು ಒಯ್ಯುತ್ತಾರೆ. ಸ್ವಾಮಿ ಎಂದು ಕೇಳಿದವರು ಕಳೆದ ತಿಂಗಳು ಬಂದು ಕಾಲಮಿನ ಅಳತೆ ಬರೆದುಕೊಂಡು ಹೋದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ: ಗಾಜಿಗೆ ಆರ್ಡರ್ ಕೊಡುವ ಮೊದಲು ನಿಮ್ಮ ಆಲ್ಕೋಹಾಲ್ ಅನ್ನು ಒಂದು ಹಿಡಿ ರೆಸಿನ್ ಮೇಲೆ ಒಂದು ವಾರ ಹಾಯಿಸಿ, ಆ ರೆಸಿನ್ ಅನ್ನು ಟೈಟ್ರೇಟ್ ಮಾಡಿ. ನಾಲ್ಕಕ್ಕಿಂತ ಕೆಳಗೆ ಬಂದರೆ ಮೊದಲು ಕಾವಲು ಕಾಲಂ ಕಟ್ಟಿಸಿ.