ಗುಲಾಬಿ, ಸೌತೆ, ಮೆಣಸಿನ ಗಿಡಕ್ಕೆ ಬೂದಿ ರೋಗ: ನಾನು ತಡೆಯುವ ಬಗೆ

ಎಲೆಯ ಮೇಲೆ ಬಿಳಿ ಪುಡಿಯಂತೆ ಹಬ್ಬುವ ಶಿಲೀಂಧ್ರದ ಕಾಟವೇ ಬೂದಿ ರೋಗ. ಬೆಂಗಳೂರಿನ ತಾರಸಿ ತೋಟಗಳಲ್ಲಿ ಅದು ಜೋರಾಗುವುದು ಮಳೆ ನಿಂತ ಮೇಲೆ, ನವೆಂಬರಿನಿಂದ ಫೆಬ್ರವರಿವರೆಗೆ. ಹಗಲು ಒಣ ಬಿಸಿಲು, ರಾತ್ರಿ ತಂಪು ಮತ್ತು ತೇವದ ಗಾಳಿ ಇದ್ದರೆ ಈ ಶಿಲೀಂಧ್ರಕ್ಕೆ ಸಾಕು. 20ರಿಂದ 27 ಡಿಗ್ರಿ ಉಷ್ಣಾಂಶದಲ್ಲಿ ಬೇಗ ಹಬ್ಬುತ್ತದೆ, 35 ದಾಟಿದರೆ ಕುಗ್ಗುತ್ತದೆ. ಇದರ ಬೀಜಕ ಮೊಳೆಯಲು ಎಲೆಯ ಮೇಲೆ ನೀರು ನಿಲ್ಲಬೇಕಿಲ್ಲ. ನಿಂತರೆ ಅದಕ್ಕೇ ತೊಂದರೆ. ಎಲೆ ನೆನೆಯದಂತೆ ಬುಡಕ್ಕೆ ಮಾತ್ರ ನೀರು ಹಾಕುವವರ ತೋಟದಲ್ಲೂ ಬೂದಿ ಕಾಣುವುದು ಇದರಿಂದಲೇ.

ಮದ್ದು ಹೊಡೆಯುವ ಮುಂಚೆ ಅದು ಬೂದಿ ರೋಗವೇ ಎಂದು ಖಚಿತ ಮಾಡಿಕೊಳ್ಳಿ. ಬೆರಳಿನಿಂದ ಉಜ್ಜಿದರೆ ಪುಡಿ ಅಂಟಿಕೊಳ್ಳಬೇಕು. ಕುಂಬಳದ ಕೆಲವು ತಳಿಗಳ ಎಲೆಯಲ್ಲಿ ನರಗಳ ಸಂದಿಗೆ ಹುಟ್ಟಿನಿಂದಲೇ ಬಿಳಿ ಮಚ್ಚೆ ಇರುತ್ತದೆ. ಉಜ್ಜಿದರೆ ಹೋಗುವುದಿಲ್ಲ, ಅದು ರೋಗವೂ ಅಲ್ಲ. ಹತ್ತಿಯಂತೆ ಗಂಟುಗಂಟಾಗಿ ಕೂತಿದ್ದರೆ ಅದು ಹಿಟ್ಟು ತಿಗಣೆ, ಅದರ ದಾರಿಯೇ ಬೇರೆ.

ಗುಲಾಬಿಯಲ್ಲಿ ಮೊದಲು ನೋಡಬೇಕಾದ್ದು ಎಳೆ ಚಿಗುರು. ಎಲೆ ಮುದುಡಿ ಕೆಂಪಡರಿದರೆ ಬಿಳಿ ಪುಡಿ ಕಾಣುವ ಮುಂಚೆಯೇ ರೋಗ ಹತ್ತಿದೆ ಎಂದರ್ಥ. ಶಿಲೀಂಧ್ರ ಮೊಗ್ಗಿನ ಹೊದಿಕೆಯೊಳಗೂ ಅಡಗಿರುತ್ತದೆ. ಹಾಗಾಗಿ ಬರೀ ಎಲೆ ಕಿತ್ತರೆ ಸಾಲದು, ರೋಗದ ಕಡ್ಡಿಯನ್ನು ಎರಡು ಕಣ್ಣು ಕೆಳಗಿನಿಂದ ಕತ್ತರಿಸುತ್ತೇನೆ. ಕತ್ತರಿಸುವ ಮೊದಲು ನೀರು ಚಿಮುಕಿಸಿದರೆ ಪುಡಿ ಪಕ್ಕದ ಗಿಡಕ್ಕೆ ಹಾರುವುದಿಲ್ಲ. ಒಂದೇ ಸಲಕ್ಕೆ ಗಿಡದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಕುಂಡಗಳ ನಡುವೆ ಎಲೆಗೆ ಎಲೆ ತಾಗದಷ್ಟು ಜಾಗ ಬಿಟ್ಟು, ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವಲ್ಲಿ ಇಡುತ್ತೇನೆ. ಈ ತಿಂಗಳುಗಳಲ್ಲಿ ಕಡಲೆಹಿಂಡಿಯ ನೀರು ಅರ್ಧಕ್ಕೆ ಇಳಿಸುತ್ತೇನೆ, ಯೂರಿಯಾ ಹಾಕುವುದೇ ಇಲ್ಲ. ಸಾರಜನಕ ಹೆಚ್ಚಾದಷ್ಟೂ ಮೆತ್ತಗಿನ ಚಿಗುರು ಬರುತ್ತದೆ, ಬೂದಿ ಮೊದಲು ಹಿಡಿಯುವುದು ಅದನ್ನೇ.

ಒಣ ದಿನಗಳಲ್ಲಿ ಬೆಳಿಗ್ಗೆ ಪೈಪಿನಿಂದ ಎಲೆಯ ಎರಡೂ ಬದಿ ರಭಸವಾಗಿ ತೊಳೆದರೆ ಬೀಜಕಗಳು ಉದುರುತ್ತವೆ. ಬಹಳ ಜನ ಹೆದರಿ ಇದನ್ನು ಬಿಟ್ಟುಬಿಡುತ್ತಾರೆ. ಹೆದರಿಕೆಗೆ ಕಾರಣವೂ ಇದೆ: ಗುಲಾಬಿಯ ಕಪ್ಪು ಚುಕ್ಕೆ ರೋಗಕ್ಕೆ ಒದ್ದೆ ಎಲೆಯೇ ಬೇಕು. ಆದ್ದರಿಂದ ಮಳೆಗಾಲದಲ್ಲಿ, ಮೋಡ ಕವಿದ ದಿನ, ಸಂಜೆ ಹೊತ್ತು ತೊಳೆಯಬೇಡಿ. ಬಿಸಿಲೇರುವಷ್ಟರಲ್ಲಿ ಎಲೆ ಒಣಗಿರಬೇಕು.

ಸೌತೆ, ಕುಂಬಳ, ಸೋರೆಗೆ ನನ್ನ ಮೊದಲ ಮದ್ದು ಹಾಲು. ಕಾಯಿಸಿ ಆರಿಸಿ ಕೆನೆ ತೆಗೆದ ಹಾಲು 100 ಮಿಲಿ, ನೀರು 900 ಮಿಲಿ. ಬ್ರೆಜಿಲ್‌ನ ವಿಜ್ಞಾನಿ ವ್ಯಾಗ್ನರ್ ಬೆಟಿಯೋಲ್ 1999ರಲ್ಲಿ ಕುಂಬಳದ ಜಾತಿಯ ಝುಕಿನಿ ಗಿಡಗಳ ಮೇಲಿನ ಪ್ರಯೋಗ ಪ್ರಕಟಿಸಿದ ಮೇಲೆ ಈ ಪದ್ಧತಿ ಎಲ್ಲೆಡೆ ಹಬ್ಬಿತು. ಬಿಸಿಲು ಬೀಳುವ ಹೊತ್ತಿಗೆ, ವಾರಕ್ಕೊಮ್ಮೆ, ಎಲೆಯ ಅಡಿಗೂ ತಾಗುವಂತೆ ಸಿಂಪಡಿಸಬೇಕು. ಮೊದಲ ಚುಕ್ಕೆ ಕಂಡಾಗಲೇ ಶುರು ಮಾಡಿದರೆ ಫಲ ಚೆನ್ನಾಗಿರುತ್ತದೆ. ಎಲೆಯೆಲ್ಲ ಬೆಳ್ಳಗಾದ ಮೇಲೆ ಹಾಲಿನಿಂದ ಏನೂ ಆಗುವುದಿಲ್ಲ. ಗಟ್ಟಿಯಾಗಿ ಹೊಡೆದರೆ ಎಲೆಯ ಮೇಲೆ ಬೇರೆ ಬೂಷ್ಟು ಬೆಳೆದು ವಾಸನೆ ಬರುತ್ತದೆ. ಅಡುಗೆ ಸೋಡಾ ಲೀಟರಿಗೆ 5 ಗ್ರಾಂ ಕೂಡ ಕೆಲಸ ಮಾಡುತ್ತದೆ, ಆದರೆ ಅದರ ಸೋಡಿಯಂ ಕುಂಡದ ಮಣ್ಣಿನಲ್ಲಿ ಉಳಿದು ಬೇರಿಗೆ ಕೆಡುಕು ಮಾಡುತ್ತದೆ. ಪೊಟ್ಯಾಸಿಯಂ ಬೈಕಾರ್ಬೊನೇಟ್ ಸಿಕ್ಕರೆ ಅದೇ ಪ್ರಮಾಣದಲ್ಲಿ ಅದನ್ನೇ ಬಳಸಿ.

ಗುಲಾಬಿಗೆ ನಾನು ನೆಚ್ಚುವುದು ಗಂಧಕವನ್ನು. ನೀರಿನಲ್ಲಿ ಕಲಸುವ ಶೇ. 80ರ ಪುಡಿ, ಲೀಟರಿಗೆ 2 ಗ್ರಾಂ. ಮೊದಲು ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಬಟ್ಟೆಯಲ್ಲಿ ಸೋಸಿ, ಆಮೇಲೆ ಉಳಿದ ನೀರು ಸೇರಿಸಿ. ಪುಡಿ ತಳದಲ್ಲಿ ಕೂರುವುದರಿಂದ ಸಿಂಪಡಿಸುವಾಗ ಕುಲುಕುತ್ತಲೇ ಇರಬೇಕು; ಇಲ್ಲದಿದ್ದರೆ ಮೊದಲ ಗಿಡಕ್ಕೆ ನೀರು, ಕೊನೆಯದಕ್ಕೆ ಮದ್ದು. ಬಿಸಿಲು 32 ಡಿಗ್ರಿ ದಾಟುವ ದಿನ ಹೊಡೆದರೆ ಎಲೆಯಂಚು ಸುಡುತ್ತದೆ. ಬೇವಿನೆಣ್ಣೆ ಹೊಡೆದ ಮೇಲೆ ಎರಡು ವಾರ ಗಂಧಕ ಮುಟ್ಟಬೇಡಿ, ಎರಡೂ ಸೇರಿದರೂ ಎಲೆ ಸುಡುತ್ತದೆ. ಕರಬೂಜ, ಸೌತೆಯ ಜಾತಿಗಳಿಗೆ ಗಂಧಕ ಒಗ್ಗದಿರಬಹುದು. ಎರಡು ಎಲೆಗೆ ಹೊಡೆದು ಎರಡು ದಿನ ಕಾದು ನೋಡಿ.

ಇದಕ್ಕೂ ಬಗ್ಗದಿದ್ದರೆ, ಗುಲಾಬಿಗೆ ಮಾತ್ರ, ಹೆಕ್ಸಾಕೊನಜೋಲ್ ಎಂಬ ರಾಸಾಯನಿಕ ಶಿಲೀಂಧ್ರನಾಶಕ, ಶೇ. 5ರದ್ದು ಲೀಟರಿಗೆ 1 ಮಿಲಿ. ಮುಂದಿನ ಸರದಿ ಮತ್ತೆ ಗಂಧಕದ್ದು. ಹೆಕ್ಸಾಕೊನಜೋಲನ್ನೇ ಮೇಲಿಂದ ಮೇಲೆ ಹೊಡೆದರೆ ಶಿಲೀಂಧ್ರ ಅದಕ್ಕೆ ಒಗ್ಗಿಕೊಳ್ಳುತ್ತದೆ. ಗುಲ್ಕಂದಿಗೆ ಹೂ ಕೀಳುವ ಗಿಡಕ್ಕೆ ಇದು ಬೇಡವೇ ಬೇಡ.

ಮೆಣಸಿನ ಗಿಡದ ಲೆಕ್ಕವೇ ಬೇರೆ. ಅಲ್ಲಿ ಬಿಳಿ ಪುಡಿ ಕಾಣುವುದು ಎಲೆಯ ಅಡಿಯಲ್ಲಿ, ಮೇಲ್ಗಡೆ ಬರೀ ಹಳದಿ ಮಚ್ಚೆ, ಆಮೇಲೆ ಎಲೆ ಉದುರು. ಈ ಜಾತಿಯ ಶಿಲೀಂಧ್ರ ಎಲೆಯ ಒಳಗೇ ಬೆಳೆಯುವುದರಿಂದ ಮೇಲೆ ಹೊಡೆದ ಹಾಲು, ಸೋಡಾ ಅದನ್ನು ಮುಟ್ಟುವುದಿಲ್ಲ. ಹಿಂದಿನ ವರ್ಷ ರೋಗ ಬಂದಿದ್ದರೆ ಈ ಸಲ ಮಚ್ಚೆ ಕಾಣುವ ಮುಂಚೆಯೇ ಗಂಧಕ ಹೊಡೆಯಬೇಕು.

ಸೌತೆ, ಕುಂಬಳದ ಎಲೆ ಮೇಲೆ ಹಳದಿ ಬಣ್ಣದ ಸಣ್ಣ ಗುಲಗಂಜಿ ಹುಳುಗಳು ಓಡಾಡುತ್ತಿದ್ದರೆ ಕೊಲ್ಲಬೇಡಿ. ಇಲ್ಲೀಸ್ ಸಿಂಕ್ಟಾ ಎಂಬ ಈ ಹುಳು, ಅದರ ಮರಿಯೂ ಸೇರಿ, ಬೂದಿ ರೋಗದ ಶಿಲೀಂಧ್ರವನ್ನೇ ತಿಂದು ಬದುಕುತ್ತದೆ. ಅದು ಕಂಡ ಎಲೆಯನ್ನು ಮಗುಚಿ ನೋಡಿ, ನಿಮ್ಮ ಕಣ್ಣಿಗೆ ಬೀಳದ ಮೊದಲ ಚುಕ್ಕೆ ಅಲ್ಲೇ ಇರುತ್ತದೆ.