ಪಾಸ್‌ಪೋರ್ಟ್ ಮೊದಲು, ಅರ್ಜಿ ಕೊನೆಗೆ

ಕೊಡಗಿನ ಕುಶಾಲನಗರದಲ್ಲಿ ವಿಕಲಚೇತನ ಯುವಜನರಿಗೆ ಕೆಲಸ ಕಲಿಸುವ ನಮ್ಮ ಕೇಂದ್ರದ ಇಬ್ಬರು ಬ್ಯಾಂಕಾಕಿಗೆ ಹೋಗಿ, ಹೆಚ್ಚುಕಡಿಮೆ ಎರಡು ತಿಂಗಳು ಬೇಕರಿ ಕೆಲಸ ಕಲಿತು ಬಂದಿದ್ದಾರೆ. ಒಬ್ಬಳು ಸಿದ್ದಾಪುರ ಕಡೆಯ ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯ ಹುಡುಗಿ. ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಇನ್ನೊಬ್ಬ ಸೋಮವಾರಪೇಟೆಯವನು, ಎಡಗಾಲಿಗೆ ಕ್ಯಾಲಿಪರ್ (ಕಾಲಿಗೆ ಆಧಾರ ಕೊಡುವ ಲೋಹದ ಪಟ್ಟಿ) ಹಾಕಿ ನಡೆಯುತ್ತಾನೆ. ಇದು ಆಗುವ ಕೆಲಸ ಅಲ್ಲ ಅಂತ ನನಗೆ ಹೇಳದವರು ಜಿಲ್ಲೆಯಲ್ಲಿ ಕಡಿಮೆ. ಈ ಕೆಲಸದಲ್ಲೇ ತಲೆ ನೆರೆದವರೂ "ಮೊದಲು ಇಲ್ಲೇ ಎಲ್ಲಾದ್ರೂ ಕೆಲಸಕ್ಕೆ ಸೇರಿಸಿ ಮೇಡಂ, ಫಾರಿನ್ ಆಮೇಲೆ ನೋಡೋಣ" ಅಂದಿದ್ದರು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೇ ಹೇಳುವ ಬದಲು ಒಂದೇ ಸಲ ಬರೆಯುತ್ತೇನೆ. ಯುಡಿಐಡಿ (ವಿಕಲಚೇತನರ ಗುರುತಿನ ಚೀಟಿ) ಮಾಡಿಸುವುದು, ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಹಿಂದೆ ಓಡಾಡುವುದು ನಿಮಗೆಲ್ಲ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ಎಲ್ಲ ಕಡೆ ನಡೆಯುವ ಕ್ರಮ ಒಂದೇ. ವಾಟ್ಸಾಪ್‌ನಲ್ಲಿ ವಿದೇಶದ ತರಬೇತಿಯ ಒಂದು ಪ್ರಕಟಣೆ ಬರುತ್ತದೆ. ಕೊನೆಯ ದಿನಕ್ಕೆ ಮೂರೋ ನಾಲ್ಕೋ ವಾರ ಇರುತ್ತದೆ. ಆಮೇಲೆ ಓಟ ಶುರು. ನಮ್ಮಲ್ಲೂ ಎರಡು ಮೂರು ವರ್ಷ ಹಾಗೇ ನಡೆಯಿತು. ಒಂದು ಅರ್ಜಿ ಪಾಸ್‌ಪೋರ್ಟ್ ನಂಬರ್ ಇಲ್ಲದೆ ನಿಂತಿತು. ಇನ್ನೊಂದಕ್ಕೆ ಇಂಗ್ಲಿಷಿನಲ್ಲಿ ವೈದ್ಯರ ವರದಿ ಸಿಗುವಷ್ಟರಲ್ಲಿ ದಿನ ಮುಗಿದಿತ್ತು. ಮತ್ತೊಂದು ಕಡೆಯವರು ಹುಡುಗಿಯನ್ನು ವಿಡಿಯೋ ಕರೆಯಲ್ಲಿ ಮಾತಾಡಿಸಿದರು. ಅವಳು ಹಿಟ್ಟು ನಾದಿದ್ದು ನೋಡಿ ತುಂಬ ಖುಷಿಪಟ್ಟರು. ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದರು: ಇವಳು ಮನೆ ಬಿಟ್ಟು ಎಷ್ಟು ರಾತ್ರಿ ಇದ್ದಾಳೆ? ಒಂದು ರಾತ್ರಿಯೂ ಇರಲಿಲ್ಲ. ಅಲ್ಲಿಗೆ ಮುಗಿಯಿತು.

ಆ ಪ್ರಶ್ನೆ ಕೇಳಿದ ಮೇಲೆ ನಾನು ಅರ್ಜಿ ಹಾಕುವುದನ್ನೇ ಒಂದು ವರ್ಷ ನಿಲ್ಲಿಸಿದೆ. ಪಾಸ್‌ಪೋರ್ಟ್, ಕಾಗದ, ಒಂಟಿಯಾಗಿ ಬದುಕುವ ಅಭ್ಯಾಸ ಮೊದಲು. ಅರ್ಜಿ ಕೊನೆಗೆ. ನನ್ನ ವಿಧಾನ ಅಂದರೆ ಇಷ್ಟೇ. ಕೇಳಲಿಕ್ಕೆ ಸುಲಭ. ಆದರೆ ಎಲ್ಲಿಂದಲೂ ಕರೆ ಬಾರದಿರುವಾಗ ದುಡ್ಡು ಖರ್ಚು ಮಾಡಿ ತಯಾರಿ ನಡೆಸಿದರೆ ಊರವರೂ ಒಪ್ಪುವುದಿಲ್ಲ, ದುಡ್ಡು ಕೊಡುವವರೂ ಒಪ್ಪುವುದಿಲ್ಲ.

ಅವಕಾಶಗಳ ಬಗ್ಗೆ ಸ್ವಲ್ಪ. ಜಪಾನಿನ ಡಸ್ಕಿನ್ ತರಬೇತಿ ನಿಮಗೆ ಗೊತ್ತಿರಬಹುದು. 1999ರಿಂದ ನಡೆಯುತ್ತಿದೆ. ಏಷ್ಯಾ ಪೆಸಿಫಿಕ್ ದೇಶಗಳ ವಿಕಲಚೇತನ ಯುವಜನರನ್ನು ತಿಂಗಳುಗಟ್ಟಲೆ ಅಲ್ಲೇ ಇರಿಸಿಕೊಂಡು ಕಲಿಸುತ್ತಾರೆ. ಖರ್ಚು ಅವರದೇ. ಕಿವಿ ಕೇಳದವರು ಅಲ್ಲಿ ಜಪಾನಿ ಸಂಜ್ಞಾ ಭಾಷೆಯನ್ನೇ ಮೊದಲು ಕಲಿಯಬೇಕು. ಅಲ್ಲಿ ನೋಡುವುದು ಊರಿಗೆ ವಾಪಸ್ ಬಂದು ನಾಲ್ಕು ಜನರನ್ನು ಕಟ್ಟಿಕೊಂಡು ಕೆಲಸ ಮಾಡುವವರನ್ನು. ಬರೀ ಕೈಕೆಲಸ ಕಲಿಯಬೇಕು ಅನ್ನುವವರಿಗೆ ಅದು ಸರಿಹೊಂದದು. ನಮ್ಮ ಕೇಂದ್ರ ಸರ್ಕಾರದ ವಿದೇಶ ವಿದ್ಯಾರ್ಥಿವೇತನ ಇದೆಯಲ್ಲ, ಅದು ಮಾಸ್ಟರ್ಸ್ ಮತ್ತು ಪಿಎಚ್‌ಡಿಗೆ ಮಾತ್ರ. ಎಸ್ಸೆಸ್ಸೆಲ್ಸಿಯಲ್ಲೇ ನಿಂತವರಿಗೆ ಅದರ ಫಾರಂ ತುಂಬಿಸಿ ಆಸೆ ಹುಟ್ಟಿಸಬೇಡಿ. ಪಾಪ, ವರ್ಷ ಹಾಳಾಗುತ್ತದೆ.

ಅಬಿಲಿಂಪಿಕ್ಸ್ ಬೇರೆ ದಾರಿ. ಅದು ತರಬೇತಿ ಅಲ್ಲ, ವಿಕಲಚೇತನರ ಕೈಕೆಲಸದ ಅಂತರರಾಷ್ಟ್ರೀಯ ಸ್ಪರ್ಧೆ. 1981ರಲ್ಲಿ ಟೋಕಿಯೊದಲ್ಲಿ ಶುರುವಾಯಿತು, 2003ರಲ್ಲಿ ದೆಹಲಿಯಲ್ಲೇ ನಡೆದಿತ್ತು, 2023ರಲ್ಲಿ ಫ್ರಾನ್ಸಿನ ಮೆಟ್ಸ್‌ನಲ್ಲಿ ಆಯಿತು. ವಲಯ ಮಟ್ಟ, ರಾಷ್ಟ್ರ ಮಟ್ಟ ದಾಟಿ ಹೋಗಬೇಕು. ಗೆಲ್ಲದಿದ್ದರೂ ಆ ಸರ್ಟಿಫಿಕೇಟ್ ವಿದೇಶಿ ಅರ್ಜಿಗೆ ಬಹಳ ತೂಕ ಕೊಡುತ್ತದೆ. ಇನ್ನು ಬ್ಯಾಂಕಾಕ್. ಅಲ್ಲಿ ಜಪಾನಿನ ನೆರವಿನಿಂದ 2002ರಲ್ಲಿ ಶುರುವಾದ ಎಪಿಸಿಡಿ ಅನ್ನುವ ವಿಕಲಚೇತನರ ಕೇಂದ್ರ ಇದೆ. ಅದರ '60 ಪ್ಲಸ್' ಬೇಕರಿ ಮತ್ತು ಕೆಫೆಯಲ್ಲಿ ವಿಕಲಚೇತನರೇ ಬೇಕಿಂಗ್ ಕಲಿತು ಕೆಲಸ ಮಾಡುತ್ತಾರೆ. ಅದರ ವಿಷಯ ಓದಿದಾಗಲೇ ನನಗೆ ಬೇಕರಿಯ ಯೋಚನೆ ಬಂದದ್ದು. ಕೊಡಗಿನಲ್ಲಿ ಹೋಂಸ್ಟೇ ಇಲ್ಲದ ಊರಿಲ್ಲ. ಬ್ರೆಡ್, ಕೇಕ್ ಎಲ್ಲ ಮೈಸೂರಿನಿಂದ ಯಾಕೆ ಬರಬೇಕು? ನಮ್ಮವರು ಕಲಿತದ್ದು ಬ್ಯಾಂಕಾಕಿನ ಬೇರೊಂದು ಚಿಕ್ಕ ಬೇಕರಿಯಲ್ಲಿ. ಹೆಸರು ಇಲ್ಲಿ ಬರೆಯುವುದಿಲ್ಲ. ಅವರು ವರ್ಷಕ್ಕೆ ಇಬ್ಬರು ಮೂವರನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಯಾರಾದರೂ ನಿಜವಾಗಿ ತಯಾರಿದ್ದರೆ ನಾನೇ ಮಾತಾಡಿಸುತ್ತೇನೆ.

ಈಗ ಕಾಗದದ ವಿಷಯ. ಇದರಲ್ಲೇ ಜಾಸ್ತಿ ಜನ ಬೀಳುವುದು. ಪಾಸ್‌ಪೋರ್ಟ್ ಶುಲ್ಕ 1,500 ರೂಪಾಯಿ, ಮೈಸೂರಿನಲ್ಲೇ ಆಗುತ್ತದೆ. ದುಡ್ಡು ತೊಂದರೆ ಅಲ್ಲ, ಹೆಸರು ತೊಂದರೆ. ಹುಡುಗಿಗೆ ಆಧಾರ್‌ನಲ್ಲಿ ಒಂದೇ ಹೆಸರು, ಶಾಲೆಯ ಟಿಸಿಯಲ್ಲಿ ಅಪ್ಪನ ಇನಿಷಿಯಲ್, ಯುಡಿಐಡಿಯಲ್ಲಿ ಕಾಗುಣಿತವೇ ಬೇರೆ. ಹುಡುಗನಿಗೆ ಒಂದು ಕಡೆ ಮನೆ ಹೆಸರು ಮುಂದೆ, ಇನ್ನೊಂದು ಕಡೆ ಹಿಂದೆ. ಒಂದೇ ಹೆಸರು ಇರುವವರಿಗೆ ಹೇಗಾದರೂ ಸರ್‌ನೇಮ್ ಸೇರಿಸಿಯೇ ಪಾಸ್‌ಪೋರ್ಟ್ ಮಾಡಿಸಿ. 2022ರ ಕೊನೆಯಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟ್ ಹಿಡಿದು ವಿಸಿಟ್ ವೀಸಾದಲ್ಲಿ ಬಂದವರನ್ನು ಒಳಗೆ ಬಿಡುವುದಿಲ್ಲ ಅಂದಿತ್ತು, ನೆನಪಿದೆಯಲ್ವಾ? ಮೊದಲು ಆಧಾರ್ ಸರಿಮಾಡಿಸಿ, ಆಮೇಲೆ ಯುಡಿಐಡಿ, ಕೊನೆಗೆ ಪಾಸ್‌ಪೋರ್ಟ್. ಈ ಕ್ರಮ ತಪ್ಪಿದರೆ ಮತ್ತೆ ಮೊದಲಿನಿಂದ ಓಡಾಟ.

ಲೈನ್ ಮನೆಯವರಿಗೆ ಪೊಲೀಸ್ ವೆರಿಫಿಕೇಶನ್ ಇನ್ನೊಂದು ಕಷ್ಟ. ಮನೆ ಅವರದಲ್ಲ, ಎಸ್ಟೇಟಿನದು. ಮ್ಯಾನೇಜರ್ ಹತ್ತಿರ ಲೆಟರ್‌ಹೆಡ್‌ನಲ್ಲಿ ವಾಸದ ಪತ್ರ ಬರೆಸಿ ಇಟ್ಟುಕೊಳ್ಳಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು. ಆಗ ಅಪ್ಪ ಅಮ್ಮನನ್ನು ಕಚೇರಿಗೆ ಕರೆಯಲೇಬೇಡಿ. ಕೆ.ಜಿ. ಲೆಕ್ಕದ ಕೂಲಿ, ಒಂದು ದಿನ ಹೋದರೆ ಹೋಯಿತು. ಮಳೆಗಾಲದಲ್ಲಿ ರಸ್ತೆಯ ನಂಬಿಕೆ ಇಲ್ಲ. ಹೂಮಳೆ ಬಿದ್ದ ಮೇಲೆ, ಏಪ್ರಿಲ್ ಮೇ ತಿಂಗಳು ಕಾಗದದ ಕೆಲಸಕ್ಕೆ ಒಳ್ಳೆಯದು.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ಆಗಿ ಬರುತ್ತದೆ, ಅಂದರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಲು ಸರ್ಕಾರದ ಅನುಮತಿ ಬೇಕು. ಇಸಿಆರ್ ಪಟ್ಟಿಯಲ್ಲಿ ಗಲ್ಫ್ ದೇಶಗಳ ಜೊತೆ ಥಾಯ್ಲೆಂಡ್ ಕೂಡ ಇದೆ! ಆ ಅನುಮತಿ ಬೇಕಾಗುವುದು ಕೆಲಸಕ್ಕೆ ಹೋಗುವವರಿಗೆ, ತರಬೇತಿಗೆ ಹೋಗುವವರಿಗಲ್ಲ. ಆದರೂ ವಿಮಾನ ನಿಲ್ದಾಣದಲ್ಲಿ ಪ್ರಶ್ನೆ ಬರುತ್ತದೆ. ಆಹ್ವಾನ ಪತ್ರ, ಸಂಬಳ ಇಲ್ಲ ಅನ್ನುವ ಸಾಲು, ವಾಪಸ್ ಟಿಕೆಟ್ ಮೂರೂ ಕೈಯಲ್ಲೇ ಇರಲಿ. ಹುಡುಗಿ ಹತ್ತನೇ ತರಗತಿಯಲ್ಲಿ ಲೆಕ್ಕದಲ್ಲಿ ನಿಂತವಳು. ಅವಳನ್ನು ಈಗ ಎನ್‌ಐಒಎಸ್ ಅನ್ನುವ ಮುಕ್ತ ಶಾಲೆಗೆ ಸೇರಿಸಿದ್ದೇವೆ. ಅಲ್ಲಿ 2021ರಿಂದ ಭಾರತೀಯ ಸಂಜ್ಞಾ ಭಾಷೆಯನ್ನೇ ಒಂದು ವಿಷಯವಾಗಿ ತೆಗೆದುಕೊಳ್ಳಬಹುದು. ಮುಂದಿನ ಪಾಸ್‌ಪೋರ್ಟಿಗೆ ಈ ಗೋಳು ಇರುವುದಿಲ್ಲ.

ಮೈಸೂರಿನ ರೂಮು ನನ್ನ ವಿಧಾನದ ಮುಖ್ಯ ಭಾಗ. ಮೂವರಿಗೆ ಅಲ್ಲಿ ನಾಲ್ಕು ತಿಂಗಳಷ್ಟು ಬಾಡಿಗೆ ರೂಮು ಮಾಡಿದೆ. ಹುಡುಗಿಗೆ ಬೇರೆ ರೂಮು, ಪಕ್ಕದಲ್ಲೇ ನಮ್ಮ ಟೀಚರ್ ಒಬ್ಬರ ಅಕ್ಕನ ಮನೆ. ತಿಂಗಳಿಗೆ ಇಷ್ಟು ಅಂತ ದುಡ್ಡು ಕೈಗೆ. ಅದರಲ್ಲೇ ಅಕ್ಕಿ, ಗ್ಯಾಸ್, ಬಸ್ಸು, ಮೊಬೈಲ್ ಎಲ್ಲ. ನಾನು ಹೋಗುವುದಿಲ್ಲ, ಮನೆಯವರೂ ಬರುವಂತಿಲ್ಲ. ಹುಡುಗಿಯ ಅಮ್ಮ ಇದಕ್ಕೆ ಸುಲಭದಲ್ಲಿ ಒಪ್ಪಲಿಲ್ಲ. "ಮಾತೇ ಬಾರದವಳನ್ನ ಊರ ಮೇಲೆ ಬಿಡ್ತೀರಾ ಟೀಚರೇ, ನಿಮ್ಮ ಮಗಳಾಗಿದ್ರೆ ಬಿಡ್ತಿದ್ರಾ?" ಅಂದರು. ನನ್ನ ಮಗಳೂ ಹಾಸ್ಟೆಲಿನಲ್ಲೇ ಓದುತ್ತಿದ್ದಾಳೆ, ಅವಳನ್ನು ಬಿಟ್ಟಿದ್ದೇನೆ ಅಂತ ಹೇಳಿದೆ. ಆ ಅಮ್ಮ ತುಂಬ ಹೊತ್ತು ಅತ್ತರು. ಮಾರನೇ ವಾರ ತಾವೇ ಚೀಲ ಕಟ್ಟಿಕೊಟ್ಟರು.

ಮೊದಲ ತಿಂಗಳು ದುಡ್ಡು ಹದಿನೈದಕ್ಕೇ ಖಾಲಿ. ಎರಡನೇ ತಿಂಗಳು ಹುಡುಗನ ಕ್ಯಾಲಿಪರ್ ಬೆಲ್ಟ್ ಕಿತ್ತುಹೋಯಿತು. ಅವನೇ ವಿಚಾರಿಸಿ ಚಪ್ಪಲಿ ಹೊಲಿಯುವವರ ಹತ್ತಿರ ಸರಿಮಾಡಿಸಿಕೊಂಡ. ಅದನ್ನು ಅವನು ಫೋನಿನಲ್ಲಿ ಹೇಳಿದ ದಿನವೇ ಇವನು ಹೋಗುತ್ತಾನೆ ಅಂತ ನನಗೆ ಖಚಿತವಾಯಿತು. ಬೆಳಗಿನ ಜಾವ ನಾಲ್ಕಕ್ಕೆ ಒಂದು ಬೇಕರಿಯಲ್ಲಿ ಕೆಲಸ. ಸಂಬಳ ಇಲ್ಲ, ಕಲಿಕೆ ಮಾತ್ರ. ಮೂರನೆಯವನು ವಿರಾಜಪೇಟೆಯವನು, ಡೌನ್ ಸಿಂಡ್ರೋಮ್ ಇದೆ. ರೂಮಿನಲ್ಲಿ ಎಲ್ಲರಿಗಿಂತ ಅಚ್ಚುಕಟ್ಟು ಅವನೇ. ಆದರೆ ಹದಿನೆಂಟು ದಾಟಿದ್ದರಿಂದ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪೋಷಕತ್ವದ ಪತ್ರ ಆಗಬೇಕು ಅಂತ ಮನೆಯವರು ಕೂತರು. ಅದು ಜಿಲ್ಲಾಧಿಕಾರಿಗಳ ಸಮಿತಿಯಲ್ಲಿ ಆಗಬೇಕು. ಅಷ್ಟರಲ್ಲಿ ಟಿಕೆಟ್ ಕೊಳ್ಳುವ ದಿನ ದಾಟಿತು. ಈ ವರ್ಷ ಅವನದು ಮೊದಲು.

ನಾಲ್ಕು ತಿಂಗಳು ಮುಗಿದ ಮೇಲೆ ಅರ್ಜಿ ಬರೆದೆವು. ಒಂದೂವರೆ ಪುಟ. ಜೊತೆಗೆ ವಿಡಿಯೋ. ಸಂಗೀತ ಇಲ್ಲ, ಭಾಷಣ ಇಲ್ಲ. ಮುಂಜಾನೆ ಏಳುವುದು, ಬಸ್ ಹತ್ತುವುದು, ಹಿಟ್ಟು ತೂಗುವುದು, ರಾತ್ರಿ ಲೆಕ್ಕ ಬರೆಯುವುದು, ಅಷ್ಟೇ. ಯಾವ ದೃಶ್ಯ ಮೊದಲು ಇಟ್ಟೆ ಅನ್ನುವುದು ನನ್ನ ಗುಟ್ಟು, ಬಿಟ್ಟುಕೊಡುವುದಿಲ್ಲ. ಹದಿನೈದು ದಿನದೊಳಗೆ ಒಪ್ಪಿಗೆ ಬಂತು. ಹಿಂದಿನ ಅರ್ಜಿಗಳಿಗೆ ತಿಂಗಳುಗಟ್ಟಲೆ ಕಾದದ್ದು ನೆನೆದರೆ ನನಗೆ ಈಗಲೂ ಹೆಮ್ಮೆ ಆಗುತ್ತದೆ.

ಮಡಿಕೇರಿಯಲ್ಲಿ ಕಲಿಸಿದ್ದರೆ ಆಗುತ್ತಿರಲಿಲ್ಲವೇ ಅಂತ ಕೇಳುತ್ತಾರೆ. ಜುಲೈನಲ್ಲಿ ಮಡಿಕೇರಿಯ ಚಳಿಗೆ ಹಿಟ್ಟು ಉಬ್ಬಲಿಕ್ಕೆ ಅರ್ಧ ದಿನ ಬೇಕು. ಬ್ಯಾಂಕಾಕಿನ ಸೆಕೆಯಲ್ಲಿ ಕಣ್ಣು ಮಿಟುಕಿಸುವುದರಲ್ಲಿ ಉಕ್ಕುತ್ತದೆ. ಹಾಗಾಗಿ ಕುಶಾಲನಗರದ ಬೇಸಿಗೆಯಲ್ಲಿ ಈಸ್ಟ್ ಕಡಿಮೆ ಮಾಡಿ, ತಣ್ಣೀರು ಹಾಕಿ ಅಭ್ಯಾಸ ಮಾಡಿಸಿದೆ. ಬ್ಯಾಂಕಾಕಿಗೆ ಹೋದ ಮೊದಲ ವಾರವೇ ಅದು ಕೈ ಹಿಡಿಯಿತು.

ಇದರ ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಪೊನ್ನಂಪೇಟೆಯ ಒಬ್ಬ ಹುಡುಗನಿಗೆ ಕಣ್ಣು ಕಾಣುವುದಿಲ್ಲ. ಅವನಿಗೆ ಕಾಫಿ ಕಪ್ಪಿಂಗ್ (ರುಚಿ, ವಾಸನೆ ನೋಡಿ ಕಾಫಿಯ ಗುಣ ಹೇಳುವುದು) ಕಲಿಸಿದರೆ ಹೇಗೆ ಅಂತ ಒಬ್ಬ ಪ್ಲಾಂಟರ್ ಹತ್ತಿರ ಕೇಳಿ ಸ್ಯಾಂಪಲ್ ತಂದೆ. ಅರಾಬಿಕಾ, ರೊಬಸ್ಟಾ ಬಿಡಿ, ವಾಷ್ಡ್ (ತೊಳೆದು ಒಣಗಿಸಿದ್ದು) ಯಾವುದು, ಚೆರ್ರಿ (ಹಣ್ಣನ್ನೇ ಒಣಗಿಸಿದ್ದು) ಯಾವುದು ಅಂತಲೂ ಎರಡು ವಾರದಲ್ಲಿ ಹೇಳತೊಡಗಿದ. ಸ್ಕೋರ್ ಶೀಟ್ ತುಂಬಲಿಕ್ಕೆ ಪರದೆ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಹಾಕಿ ಎಕ್ಸೆಲ್ ಫಾರಂ ಮಾಡಿಕೊಟ್ಟೆ. ಕಾಫಿ ಬೋರ್ಡಿನ ಕಾಪಿ ಶಾಸ್ತ್ರ ತರಬೇತಿಗೆ ಅವನನ್ನು ಕಳಿಸುವ ಆಸೆ ಇದೆ. ಹಸಿ ಬೀಜ ಆರಿಸುವ ಕೆಲಸವನ್ನು ವಿರಾಜಪೇಟೆಯ ಹುಡುಗನಿಗೆ ಕೊಟ್ಟು ನೋಡಿದೆ. ಪಿಬಿ (ದುಂಡನೆಯ ಒಂಟಿ) ಬೀಜ ಒಂದೂ ಬಿಡುವುದಿಲ್ಲ, ಆದರೆ ಒಂದು ಗಂಟೆಗಿಂತ ಜಾಸ್ತಿ ಕೂರಿಸಬಾರದು.

ದುಡ್ಡಿನ ಲೆಕ್ಕ, ನೆನಪಿದ್ದಷ್ಟು. ರೂಮು ಮತ್ತು ಊಟ ಅರವತ್ತು ಸಾವಿರದ ಆಸುಪಾಸು. ಬೆಂಗಳೂರು ಬ್ಯಾಂಕಾಕ್ ಹೋಗಿ ಬರುವ ಟಿಕೆಟ್ ತಲಾ ಇಪ್ಪತ್ತನಾಲ್ಕು ಸಾವಿರ ಇರಬೇಕು. ಸಂಜ್ಞಾ ಭಾಷೆಯ ಇಂಟರ್‌ಪ್ರಿಟರ್‌ಗೆ ಮೂವತ್ತೈದು ಸಾವಿರ. ಪಾಸ್‌ಪೋರ್ಟ್, ಅಫಿಡವಿಟ್, ವೀಸಾ, ಅನುವಾದ ಹದಿನೈದು. ಇನ್ಶೂರೆನ್ಸ್, ಕೈಖರ್ಚು, ಬಟ್ಟೆಬರೆ ಐವತ್ತು. ಎಲ್ಲ ಸೇರಿ ಎರಡು ಲಕ್ಷ ದಾಟಿತು. ತರಬೇತಿ ಮತ್ತು ಉಳಿಯುವ ಜಾಗ ಅಲ್ಲಿಯವರದೇ. ಇಬ್ಬರು ಪ್ಲಾಂಟರ್‌ಗಳು ಸೇರಿ ಎಪ್ಪತ್ತೈದು ಸಾವಿರ ಕೊಟ್ಟರು. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಬನ್ನು, ಡಿಸೆಂಬರಿನಲ್ಲಿ ಪ್ಲಮ್ ಕೇಕ್ ಮಾರಿ ನಲವತ್ತು ಬಂತು. ಒಂದು ಕಂಪನಿ ಒಂದು ಲಕ್ಷ ಕೊಡುತ್ತೇವೆ ಅಂದು, ಫೋಟೋ ಎಲ್ಲ ತೆಗೆಸಿಕೊಂಡು, ಇವರು ವಾಪಸ್ ಬಂದ ಮೇಲೆ ಚೆಕ್ ಕಳಿಸಿತು. ಅಷ್ಟು ದಿನ ಸ್ವಸಹಾಯ ಸಂಘದ ಸಾಲದ ಬಡ್ಡಿ ನಾನು ಕಟ್ಟಿದೆ. ಕಾರ್ಪೊರೇಟ್ ಮಾತು ನಂಬಿ ಟಿಕೆಟ್ ಕೊಳ್ಳಬೇಡಿ. ದುಡ್ಡು ಖಾತೆಗೆ ಬಂದ ಮೇಲೆ ಕೊಳ್ಳಿ.

ಇಂಟರ್‌ಪ್ರಿಟರ್ ದುಡ್ಡು ಉಳಿಸಲು ಹೋಗಬೇಡಿ. ಥಾಯ್ ಸಂಜ್ಞಾ ಭಾಷೆ ನಮ್ಮದಕ್ಕಿಂತ ಬೇರೆ. ಮೊದಲ ಎರಡು ವಾರ ದಿನಾ ಸಂಜೆ ವಿಡಿಯೋ ಕರೆಯಲ್ಲಿ ನಮ್ಮ ಇಂಟರ್‌ಪ್ರಿಟರ್ ಕೂತರು. ಆಮೇಲೆ ಅಲ್ಲಿನ ಕಿವಿ ಕೇಳದ ಕೆಲಸಗಾರರ ಜೊತೆ ಹುಡುಗಿಯೇ ದಾರಿ ಮಾಡಿಕೊಂಡಳು. ಇದಕ್ಕೂ ಒಂದು ಉಪಾಯ ಮೊದಲೇ ಮಾಡಿದ್ದೆ, ಅದನ್ನು ಎದುರಿಗೆ ಸಿಕ್ಕಾಗ ಹೇಳುತ್ತೇನೆ. ವಿಮಾನದವರಿಗೆ ಎರಡು ದಿನ ಮೊದಲೇ ತಿಳಿಸಿ. ಹಾಗೆ ತಿಳಿಸಿದ್ದರೂ ಕಿವಿ ಕೇಳದ ಹುಡುಗಿಗೆ ವೀಲ್‌ಚೇರ್ ತಂದು ನಿಲ್ಲಿಸಿದರು, ಕ್ಯಾಲಿಪರ್ ಹುಡುಗ ನಡೆದೇ ಹೋದ. ಕ್ಯಾಲಿಪರ್‌ನಲ್ಲಿ ಕಬ್ಬಿಣ ಇರುತ್ತದೆ, ವೈದ್ಯರ ಇಂಗ್ಲಿಷ್ ಚೀಟಿ ಜೇಬಲ್ಲಿರಲಿ. ಯುಡಿಐಡಿ ಕಾರ್ಡು ಅಲ್ಲಿ ಯಾರಿಗೂ ಅರ್ಥ ಆಗುವುದಿಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಮಾಡಿಸಿದ ಆಡಿಯೋಗ್ರಾಮ್ (ಶ್ರವಣ ಪರೀಕ್ಷೆ) ವರದಿಯನ್ನು ಮಾತ್ರ ಒಂದೇ ನೋಟಕ್ಕೆ ಒಪ್ಪಿದರು.

ಈಗ ಹುಡುಗ ಸೋಮವಾರಪೇಟೆಯಲ್ಲಿ ಒಂದು ಬೇಕರಿಗೆ ಸೇರಿದ್ದಾನೆ, ಹದಿನಾಲ್ಕು ಸಾವಿರದ ಹತ್ತಿರ ಸಂಬಳ. ಹುಡುಗಿ ನಮ್ಮಲ್ಲೇ ಇದ್ದಾಳೆ, ಮೂರು ಹೋಂಸ್ಟೇಗಳಿಗೆ ಬ್ರೆಡ್ ಕೊಡುತ್ತಾಳೆ, ಹೊಸಬರಿಗೆ ಕಲಿಸುವುದೂ ಅವಳೇ. ಸಂಘದ ಸಾಲ ತೀರಿದೆ. ಮೈಸೂರಿನ ರೂಮಿಗೆ ಮುಂದಿನ ತಂಡ ಮೇ ತಿಂಗಳಲ್ಲಿ ಹೋಗುತ್ತದೆ. ಎರಡು ಜಾಗ ಖಾಲಿ ಇದೆ. ಬೇಕಾದವರು ಕುಶಾಲನಗರಕ್ಕೆ ಬನ್ನಿ. ಬರುವಾಗ ಆಧಾರ್, ಯುಡಿಐಡಿ, ಶಾಲೆಯ ಟಿಸಿ ಮೂರನ್ನೂ ತನ್ನಿ. ಮೂರರಲ್ಲೂ ಹೆಸರು ಒಂದೇ ಇದ್ದರೆ ಮಾತ್ರ ಮುಂದಿನ ಮಾತು.