ಗುಜರಿಗೆ ಹಾಕಿ ಅಂದಿದ್ದ ಚೈನ್‌ಸಾಗೆ ಹೊಸ ಪಿಸ್ಟನ್: ನನ್ನ ಅನುಭವ

ನಮ್ಮ ಶ್ರೀನಿವಾಸಪುರದ ಕಡೆ ಮಾವಿನಕಾಯಿ ಕಿತ್ತು ಮುಗಿದ ಮೇಲೆ ಕೊಂಬೆ ಸವರುವ ಕೆಲಸ ಶುರುವಾಗುತ್ತದೆ. ಸರಿಯಾಗಿ ಆಗಲೇ ನನ್ನ 58 ಸಿಸಿ ಚೈನ್‌ಸಾ ಕೈಕೊಟ್ಟಿತು. ತಣ್ಣಗಿದ್ದಾಗ ಹೇಗೋ ಸ್ಟಾರ್ಟ್ ಆಗುತ್ತಿತ್ತು. ಬಿಸಿಯಾದ ಮೇಲೆ ತೋಳು ಬಿದ್ದುಹೋಗುವಷ್ಟು ಎಳೆದರೂ ಇಲ್ಲ. ದಪ್ಪ ಕೊಂಬೆಗೆ ಇಟ್ಟರೆ ಚೈನ್ ನಿಂತೇ ಹೋಗುತ್ತಿತ್ತು. ಅಂಗಡಿಯವರು ಬಿಚ್ಚಿ ಕೂಡ ನೋಡಲಿಲ್ಲ. "ಬೋರ್ ಹೋಗಿದೆ, ಗುಜರಿಗೆ ಹಾಕಿ ಹೊಸದು ತಗೊಳ್ಳಿ" ಅಂದರು. ಬೋರ್ ಅಂದರೆ ಪಿಸ್ಟನ್ ಮೇಲೆ ಕೆಳಗೆ ಆಡುವ ಸಿಲಿಂಡರಿನ ಒಳಮೈ. ಹೊಸದಕ್ಕೆ ಆರು ಸಾವಿರದ ಮೇಲೆ ಬೇಕಿತ್ತು. ನನಗೆ ಮನಸ್ಸು ಬರಲಿಲ್ಲ.

ಮನೆಗೆ ತಂದು ಮೊದಲು ಒಂದು ಸುಲಭದ ಪರೀಕ್ಷೆ ಮಾಡಿದೆ. ಸ್ವಿಚ್ ಆಫ್ ಮಾಡಿ, ಸ್ಟಾರ್ಟರ್ ಹಗ್ಗದ ಹಿಡಿಯನ್ನು ಹಿಡಿದು ಮಷಿನ್ ತೂಗುಬಿಟ್ಟೆ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿಯ ಒತ್ತಡ, ಚೆನ್ನಾಗಿದ್ದರೆ ಅದು ತಡೆದು ತಡೆದು, ಒಂದೊಂದೇ ಜಗ್ಗಿನಲ್ಲಿ ಕೆಳಗಿಳಿಯಬೇಕು. ನನ್ನದು ಬಾವಿಗೆ ಬಿಟ್ಟ ಬಿಂದಿಗೆಯ ಹಾಗೆ ಸರ್ರನೆ ಇಳಿಯಿತು. ಟಿವಿಎಸ್ ಎಕ್ಸ್‌ಎಲ್ ರಿಪೇರಿ ಮಾಡುವ ಮೆಕ್ಯಾನಿಕ್ ಹತ್ತಿರ ಒತ್ತಡ ಅಳೆಯುವ ಗೇಜ್ ಇಸ್ಕೊಂಡು ನೋಡಿದರೆ 90 ಪಿಎಸ್‌ಐ. ಇಂಥ ಮಷಿನ್‌ಗೆ 150ರ ಹತ್ತಿರ ಬಂದರೆ ಒಳ್ಳೆಯದು.

ಸೈಲೆನ್ಸರ್ ಬಿಚ್ಚಿ, ಆ ಕಿಂಡಿಯಲ್ಲಿ ಟಾರ್ಚ್ ಬಿಟ್ಟು ನೋಡಿದೆ. ಪಿಸ್ಟನ್ ಮೇಲೆ ಉದ್ದುದ್ದಕ್ಕೆ ಗೀರು. ಆಮೇಲೆ ತಳದ ನಾಲ್ಕು ಅಲೆನ್ ಬೋಲ್ಟ್ ತೆಗೆದು ಸಿಲಿಂಡರ್ ಮೇಲಕ್ಕೆ ಎತ್ತಿದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬಹಳ ಜನ ಹಳೇ ಪಿಸ್ಟನ್ ಬಿಸಾಕಿ ಹೊಸದು ಹಾಕಿಬಿಡುತ್ತಾರೆ. ಎರಡು ತಿಂಗಳಿಗೆ ಅದೂ ಹೋಗುತ್ತದೆ. ಹಾಳಾದದ್ದು ಯಾಕೆ ಅಂತ ಪಿಸ್ಟನ್ನೇ ಹೇಳುತ್ತದೆ, ನೋಡೋ ತಾಳ್ಮೆ ಬೇಕು ಅಷ್ಟೇ. ಗೀರು ಕಾರ್ಬೊರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ) ಕಡೆ ಇದ್ದರೆ ಫಿಲ್ಟರ್ ದಾಟಿ ಧೂಳು ಒಳಗೆ ಹೋಗಿದೆ ಎಂದು ಮೊದಲು ಅನುಮಾನ ಪಡಬೇಕು. ಸೈಲೆನ್ಸರ್ ಕಡೆ ಇದ್ದರೆ ಆಯಿಲ್ ಸಾಲದೆಯೋ, ಗಾಳಿ ಜಾಸ್ತಿಯಾಗಿಯೋ ಬಿಸಿ ಏರಿ ಹಿಡಿದಿದೆ. ನನ್ನದು ಸೈಲೆನ್ಸರ್ ಕಡೆ ಮಾತ್ರ ಗೀರಿತ್ತು, ಇನ್ನೊಂದು ಕಡೆ ಹೊಸದರ ಹಾಗೆ ನುಣ್ಣಗಿತ್ತು. ಆಯಿಲ್ ನಾನು ಲೀಟರ್ ಪೆಟ್ರೋಲಿಗೆ 40 ಎಂಎಲ್ ಅಳೆದೇ ಹಾಕುತ್ತೇನೆ. ಹಾಗಾದರೆ ಗಾಳಿ ಎಲ್ಲಿಂದ?

ಅರ್ಧ ದಿನ ಹುಡುಕಿದೆ. ಕೊನೆಗೆ ಕಾರ್ಬೊರೇಟರ್‌ಗೂ ಸಿಲಿಂಡರ್‌ಗೂ ನಡುವೆ ಇರುವ ರಬ್ಬರ್ ಕೊಳವೆಯನ್ನು ಬೆರಳಲ್ಲಿ ಬಗ್ಗಿಸಿದಾಗ ಸಿಕ್ಕಿತು. ಸುಮ್ನೆ ಇಟ್ಟರೆ ಏನೂ ಕಾಣದು. ಬಗ್ಗಿಸಿದರೆ ಮಡಿಕೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಾಯಿ ಬಿಡುತ್ತದೆ. ಎಂಜಿನ್ ಅದುರಿದಾಗೆಲ್ಲ ಅಲ್ಲಿಂದ ಗಾಳಿ ಎಳೆದುಕೊಂಡಿದೆ.

ಸಿಲಿಂಡರ್ ಉಳಿಯುತ್ತಾ ಅನ್ನೋದು ಮುಂದಿನ ಪ್ರಶ್ನೆ. ಬೈಕಿನ ಎರಕದ ಬೋರಿನ ಹಾಗೆ ಇದನ್ನು ಲೇತ್‌ಗೆ ಕೊಟ್ಟು ರೀಬೋರ್ ಮಾಡಿಸಲು ಬರುವುದಿಲ್ಲ. ಅಲ್ಯೂಮಿನಿಯಂ ಸಿಲಿಂಡರ್ ಒಳಗೆ ತೆಳ್ಳಗೆ ಗಟ್ಟಿ ಲೇಪನ ಇರುತ್ತದೆ, ಅದು ಕಿತ್ತರೆ ಮುಗಿಯಿತು. ಆದರೆ ಕಣ್ಣಿಗೆ ಗೀರು ಅಂತ ಕಾಣುವುದು ಎಷ್ಟೋ ಸಲ ಗೀರಲ್ಲ, ಕರಗಿ ಅಂಟಿಕೊಂಡ ಪಿಸ್ಟನ್ನಿನ ಅಲ್ಯೂಮಿನಿಯಂ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಅನ್ನು ಹತ್ತಿ ಸುತ್ತಿದ ಕಡ್ಡಿಯಲ್ಲಿ ಆ ಗೆರೆಗಳಿಗಷ್ಟೇ ಮುಟ್ಟಿಸಿದೆ. ನೊರೆ ಬಂತು ಅಂದರೆ ಅಲ್ಲಿ ಅಲ್ಯೂಮಿನಿಯಂ ಇದೆ ಅಂತ ಅರ್ಥ. ಒರೆಸಿ ಮತ್ತೆ ಮುಟ್ಟಿಸಿದೆ. ಕಿಂಡಿಗಳ ಅಂಚಿಗೆ ತಾಗಬಾರದು, ಅಲ್ಲಿ ಸಿಲಿಂಡರೇ ಕರಗುತ್ತದೆ. ಜಾಸ್ತಿ ಹೊತ್ತು ಬಿಡಲೂಬಾರದು. ಕೆಲವು ಸಿಲಿಂಡರ್‌ಗೆ ಕ್ರೋಮ್ ಲೇಪನ ಇರುತ್ತದೆ, ಈ ಆ್ಯಸಿಡ್ ಕ್ರೋಮ್ ಅನ್ನೂ ತಿನ್ನುತ್ತದೆ. ಕೈಗವಸು ಹಾಕಿ ಅಂಗಳದಲ್ಲೇ ಮಾಡಿ. ಆಮೇಲೆ ಸೋಪಿನ ನೀರಲ್ಲಿ ತೊಳೆದು, ನಯವಾದ ಎಮರಿ ಪೇಪರನ್ನು ಎಣ್ಣೆ ಜೊತೆ ಮೆಲ್ಲಗೆ ಆಡಿಸಿದೆ. ಉಗುರು ಎಳೆದು ನೋಡಿದೆ, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಸಿಲಿಂಡರ್ ಉಳಿಯಿತು!

ಬೆಂಗಳೂರಿನ ಎಸ್‌ಜೆಪಿ ರೋಡಿಗೆ ಹೋಗಿ 45.2 ಮಿಲಿಮೀಟರ್ ಪಿಸ್ಟನ್ ಸೆಟ್, ಗಾಸ್ಕೆಟ್, ರಬ್ಬರ್ ಕೊಳವೆ, ಕ್ರ್ಯಾಂಕ್ ಸೀಲ್ ತಂದೆ. ಎಲ್ಲಾ ಸೇರಿ 680 ರೂಪಾಯಿ. ಹಳೇ ಪಿಸ್ಟನ್ ಜೊತೆಗೇ ಒಯ್ಯಿರಿ. ಅಳತೆ ಬಾಯಲ್ಲಿ ಹೇಳಿದರೆ ಬೇರೇನೋ ಕೊಡುತ್ತಾರೆ.

ಪಿಸ್ಟನ್ ಸುತ್ತ ಕೂರುವ ಹೊಸ ರಿಂಗನ್ನು ಮೊದಲು ಬರೀ ಸಿಲಿಂಡರಿಗೆ ಹಾಕಿ, ಪಿಸ್ಟನ್ ತಲೆಯಿಂದ ನೆಟ್ಟಗೆ ಒಳಗೆ ತಳ್ಳಿ, ರಿಂಗಿನ ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜ್‌ನಲ್ಲಿ (ಸಂದು ಅಳೆಯುವ ತೆಳು ಪಟ್ಟಿ) ನೋಡಿದೆ. 0.3 ಮಿಲಿಮೀಟರ್. ಹಳೇ ರಿಂಗಿನದು ಒಂದು ಮಿಲಿಮೀಟರ್ ದಾಟಿತ್ತು.

ಜೋಡಿಸುವಾಗ ಪಿಸ್ಟನ್ ತಲೆಯ ಬಾಣದ ಗುರುತು ಸೈಲೆನ್ಸರ್ ಕಡೆಗಿರಬೇಕು. ಸಿಲಿಂಡರ್ ಕೆಳಗಿನ ಕ್ರ್ಯಾಂಕಿನ ಬಾಯಿಗೆ ಬಟ್ಟೆ ತುರುಕದೆ ಪಿನ್ ಲಾಕ್ (ಪಿಸ್ಟನ್ನಿನ ಪಿನ್ ಜಾರದಂತೆ ಹಿಡಿಯುವ ತಂತಿ) ಮುಟ್ಟಲೇಬೇಡಿ. ಒಂದು ಸಲ ಸ್ಪ್ರಿಂಗ್ ಹಾಗೆ ಚಿಮ್ಮಿ ಒಳಗೆ ಬಿದ್ದರೆ ಇಡೀ ಎಂಜಿನ್ ಬಿಚ್ಚಬೇಕಾಗುತ್ತದೆ. ಹಳೇ ಲಾಕ್ ಮತ್ತೆ ಹಾಕಬೇಡಿ. ಹೊಸ ಲಾಕಿನ ಬಾಯಿ ಮೇಲಕ್ಕೋ ಕೆಳಕ್ಕೋ ಇರುವಂತೆ ಕೂರಿಸಿ. ರಿಂಗಿನ ಕಾಲುವೆಯಲ್ಲಿ ಸಣ್ಣ ಮೊಳೆಯಂಥದ್ದು ಇದೆ, ರಿಂಗಿನ ಎರಡು ತುದಿ ಅದರ ಅಕ್ಕಪಕ್ಕ ಕೂರಬೇಕು. ಎಣ್ಣೆ ಸವರಿ, ಬೆರಳಲ್ಲಿ ರಿಂಗ್ ಒತ್ತಿಹಿಡಿದು ಸಿಲಿಂಡರ್ ಇಳಿಸಿದೆ. ತಿರುಗಿಸಬಾರದು, ಗುದ್ದಬಾರದು. ಸರಿ ಕೂತರೆ ತಾನಾಗೇ ಜಾರುತ್ತದೆ.

ಸೋರಿಕೆ ಪರೀಕ್ಷೆ ನಾನು ಬಿಡುವುದೇ ಇಲ್ಲ. ಹಳೇ ಸ್ಪಾರ್ಕ್ ಪ್ಲಗ್‌ನ ಪಿಂಗಾಣಿ ಒಡೆದು ತೆಗೆದು ಸೈಕಲ್ ಟ್ಯೂಬಿನ ವಾಲ್ವ್ ಕೂರಿಸಿ ಎಂ-ಸೀಲ್ ಹಾಕಿ, ಅದನ್ನು ಪ್ಲಗ್ ಜಾಗಕ್ಕೆ ಬಿಗಿದೆ. ಸೈಲೆನ್ಸರ್ ಕಿಂಡಿಗೂ ಕಾರ್ಬೊರೇಟರ್ ಕಡೆಗೂ ಟ್ಯೂಬಿನ ರಬ್ಬರ್ ಕೊಟ್ಟು ಬಿಗಿದೆ. ಪಿಸ್ಟನ್ ಪೂರ್ತಿ ಕೆಳಗಿಟ್ಟು ಪಂಪಿನಲ್ಲಿ ಸ್ವಲ್ಪವೇ ಗಾಳಿ ಬಿಟ್ಟು, ಸೋಪಿನ ನೀರು ಸವರಿದೆ. ಎಲ್ಲೂ ಗುಳ್ಳೆ ಬರಲಿಲ್ಲ.

ನಾಲ್ಕನೇ ಸಲ ಎಳೆದಾಗ ಸ್ಟಾರ್ಟ್ ಆಯಿತು. ಆ ಸದ್ದು ಕೇಳಿ ಆದ ಖುಷಿ ಇವತ್ತಿಗೂ ನೆನಪಿದೆ. ಮೊದಲ ಟ್ಯಾಂಕ್ ಪೆಟ್ರೋಲ್ ಮುಗಿಯುವ ತನಕ ಕಾರ್ಬೊರೇಟರ್ ತುಸು ರಿಚ್ (ಪೆಟ್ರೋಲ್ ಜಾಸ್ತಿ) ಇಟ್ಟು ಸಣ್ಣ ಕೊಂಬೆಗಳನ್ನಷ್ಟೇ ಕೊಯ್ದೆ. ತಣ್ಣಗಾದ ಮೇಲೆ ತಳದ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿ ನೋಡಿದೆ. ಈಗ ಗೇಜ್ 150 ತೋರಿಸುತ್ತದೆ.

ಹೋದ ವಾರ ಪಕ್ಕದ ತೋಟದವರು ತಮ್ಮ ಮಷಿನ್ ತಂದರು, ಅದೇ ತೊಂದರೆ. ಬಿಚ್ಚಿ ನೋಡಿದರೆ ಈ ಸಲ ಗೀರು ಕಾರ್ಬೊರೇಟರ್ ಕಡೆ. ಫಿಲ್ಟರ್ ಎತ್ತಿ ಬಿಸಿಲಿಗೆ ಹಿಡಿದೆ. ಮೂಲೆಯಲ್ಲಿ ಸಾಸಿವೆಯಷ್ಟು ತೂತು, ಸುತ್ತಲೂ ಕೆಂಪು ಮಣ್ಣು.